ಕಡಲು ಮುಚ್ಚುವ ಮುನ್ನ

ಐವತ್ತೆಂಟನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಜಯಸಿಂಹನಿಗೆ ವರ್ಗವಾಯಿತು. ಹವಾಮಾನ ಇಲಾಖೆಯಲ್ಲಿ ಅವನು ಒಂಬತ್ತು ವರ್ಷದಿಂದ ಅಬ್ಸರ್ವರ್. ಬೆಳಗ್ಗೆ ಎಂಟೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ, ಗಾಳಿ ಎತ್ತಣಿಂದ ಬೀಸುತ್ತಿದೆ, ಮಳೆ ಎಷ್ಟು ಬಿತ್ತು, ಪಾದರಸ ಎಷ್ಟು ಏರಿತು ಎಂದು ನೋಡಿ ಬರೆದಿಡುವುದು ಅವನ ಕೆಲಸ. ಇನ್ನು ಎರಡು ವರ್ಷ ಅದೇ ಕೆಲಸವನ್ನು ಅರಬ್ಬೀ ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪದಲ್ಲಿ ಮಾಡಬೇಕೆಂದು ಆದೇಶ ಬಂದಿತ್ತು. ಮಂಗಳೂರಿನಿಂದ ಹಾಯಿಹಡಗು. ಗಾಳಿ ಅನುಕೂಲವಾದರೆ ಮೂರು ದಿನ, ಇಲ್ಲದಿದ್ದರೆ ಎಂಟು ದಿನ. ಮೇ ತಿಂಗಳ ನಡುವಿಗೆ ಕಡಲು ಮುಚ್ಚುತ್ತದೆ. ಆಮೇಲೆ ಮಳೆಗಾಲ ಕಳೆಯುವವರೆಗೆ ಅಲ್ಲಿಗೆ ಹೋಗುವವರಿಲ್ಲ, ಅಲ್ಲಿಂದ ಬರುವವರೂ ಇಲ್ಲ.

ಬೇರೆಯವರಾಗಿದ್ದರೆ ನಾಲ್ಕು ದಿನ ಗೊಣಗಿ ಐದನೆಯ ದಿನ ಹಾಸಿಗೆ ಸುತ್ತುತ್ತಿದ್ದರು. ಆದರೆ ಜಯಸಿಂಹನ ಹೆಂಡತಿ ಚೂಡಾಮಣಿಗೆ ನೀರೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅವಳಿಗೆ ಒಂಬತ್ತು ವರ್ಷವಿದ್ದಾಗ ತಲಕಾಡಿನ ಹತ್ತಿರ ಕಾವೇರಿ ದಾಟುತ್ತಿದ್ದ ಹರಿಗೋಲು ಮಗುಚಿ ಅವಳ ತಂದೆ ತೀರಿಕೊಂಡಿದ್ದರು. ತಾಯಿಯ ಸೆರಗು ಹಿಡಿದು ದಡದಲ್ಲಿ ನಿಂತಿದ್ದ ಅವಳು ಅದನ್ನು ಕಣ್ಣಾರೆ ಕಂಡಿದ್ದಳು. ಮೂವತ್ತು ದಾಟಿದರೂ ಲಾಲ್‌ಬಾಗಿಗೆ ಹೋದಾಗ ಗಾಜಿನ ಮನೆಯ ಹತ್ತಿರವೇ ಕುಳಿತುಬಿಡುತ್ತಿದ್ದಳು, ಕೆರೆಯ ಕಡೆಗೆ ಹೆಜ್ಜೆ ಇಡುತ್ತಿರಲಿಲ್ಲ.

“ಹಾಗಾದ್ರೆ ಅವರನ್ನ ಇಲ್ಲೇ ಬಿಟ್ಟು ಹೋಗಿ ಸಾರ್,” ಎಂದ ಆಫೀಸಿನ ಹೆಡ್ ಕ್ಲರ್ಕ್ ಗೌರೀಶಂಕರ. “ಎರಡು ವರ್ಷ ಏನು ಮಹಾ. ಕ್ಯಾನ್ಸಲ್ ಅಂತೂ ಆಗಲ್ಲ. ಮೂರು ವರ್ಷದ ಹಿಂದೆ ಒಂದು ಸಲ ಮಾಡಿಸ್ಕೊಂಡಿದೀರಿ. ಇನ್ನೊಂದು ಸಲ ಅರ್ಜಿ ಹಾಕಿದ್ರೆ ರಾಜೀನಾಮೆ ಜೊತೆಗೇ ಕೊಡಿ ಅಂತಾರೆ.”

ಬಿಟ್ಟು ಹೋಗುವಂತಿದ್ದರೆ ಜಯಸಿಂಹನಿಗೆ ಚಿಂತೆಯೇ ಇರಲಿಲ್ಲ. ಮೂರು ವರ್ಷದ ಹಿಂದೆ ನಡೆದದ್ದು ಗೌರೀಶಂಕರನಿಗೆ ಗೊತ್ತಿರಲಿಲ್ಲ. ಆಗ ಚೂಡಾಮಣಿ ಎರಡು ದಿನ ನೋವು ತಿಂದು ಹೆತ್ತ ಗಂಡುಮಗು ಉಸಿರಾಡಲೇ ಇಲ್ಲ. ಅದಾದ ಒಂದೂವರೆ ತಿಂಗಳಿಗೆ, ಒಂದು ಬೆಳಗ್ಗೆ, ನೀರು ಕಂಡರೆ ನಡುಗುವ ಆ ಹೆಂಗಸು ಹಿತ್ತಲ ಬಾವಿಯ ಕಟ್ಟೆ ಹತ್ತಿ, ಕಾಲುಗಳನ್ನು ಒಳಗೆ ಇಳಿಬಿಟ್ಟು ಕುಳಿತಿದ್ದಳು. ಜಯಸಿಂಹ ಆಗ ಬಚ್ಚಲಲ್ಲಿ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದ. ಕಂಡವರು ಮಂಗಮ್ಮನವರು. ಜಯನಗರ ಎರಡನೇ ಬ್ಲಾಕಿನಲ್ಲಿ ಅವರದೇ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಈ ದಂಪತಿ ಬಾಡಿಗೆಗಿದ್ದರು. ಹೂ ಕೀಳಲು ಬಂದ ಆ ವಿಧವೆ ಕೂಗಿಕೊಳ್ಳಲಿಲ್ಲ. ಮೆಲ್ಲಗೆ ಹಿಂದಿನಿಂದ ಹೋಗಿ ಎರಡೂ ಕೈಯಲ್ಲಿ ಸೊಂಟ ಬಳಸಿ ಹಿಡಿದು, “ಏಳಮ್ಮಾ, ಕಾಫಿ ಆರಿಹೋಗುತ್ತೆ,” ಎಂದು ಇಳಿಸಿಕೊಂಡು ಬಂದರು.

ಆ ವಿಷಯವನ್ನು ಗಂಡ ಹೆಂಡತಿ ಇಬ್ಬರೂ ಒಂದು ಸಲವೂ ಬಾಯಿಬಿಟ್ಟು ಆಡಿರಲಿಲ್ಲ. ಜಯಸಿಂಹ ಬಡಗಿಯನ್ನು ಕರೆಸಿ ಬಾವಿಗೆ ಹಲಗೆಯ ಮುಚ್ಚಳ ಮಾಡಿಸಿದ. ಎಲೆ ಬೀಳುತ್ತೆ ಅಂತ, ಎಂದ. ಅವಳು ಹೂಂ ಎಂದಳು. ಅಂದಿನಿಂದ ಅವನು ಸಂಜೆ ಅಶೋಕ ಪಿಲ್ಲರ್ ಹತ್ತಿರ ಬಸ್ಸಿಳಿದು ಮನೆಗೆ ಬಂದರೆ, ಮೊದಲು ಹಿತ್ತಲ ಕಡೆಯಿಂದ ಹೋಗಿ ಮುಚ್ಚಳ ನೋಡಿ, ಆಮೇಲೆ ಬಾಗಿಲು ತಟ್ಟುತ್ತಿದ್ದ. ಇಂಥವಳನ್ನು ಎರಡು ವರ್ಷ ಒಬ್ಬಳನ್ನೇ ಬಿಟ್ಟು ಹೋಗುವುದೆಂದರೆ ಅವನಿಗೆ ಊಹಿಸಲೂ ಆಗುತ್ತಿರಲಿಲ್ಲ. ಹೇಗಾದರೂ ಮಾಡಿ ಅವಳನ್ನು ಜೊತೆಗೆ ಕರೆದುಕೊಂಡೇ ಹೋಗಬೇಕೆಂದು ನಿಶ್ಚಯಿಸಿಬಿಟ್ಟ.

ಧೈರ್ಯ ಹೇಳುವ ಕೆಲಸ ಅಂದೇ ಸಂಜೆ ಶುರುವಾಯಿತು. ಆಫೀಸಿನಿಂದ ಒಂದು ಅಟ್ಲಾಸ್ ತಂದು ಅವಳ ಮುಂದೆ ಬಿಚ್ಚಿದ. ಮಂಗಳೂರಿನ ಮೇಲೆ ಬೆರಳಿಟ್ಟು ಪಶ್ಚಿಮಕ್ಕೆ ಸರಿಸುತ್ತಾ ಹೋದ. ಬೆರಳು ನೀಲಿಯಲ್ಲಿ ನಿಂತಿತು.

ಚೂಡಾಮಣಿ ಬಾಗಿ ನೋಡಿದಳು. “ಇಲ್ಲಿ ಏನೂ ಇಲ್ವಲ್ಲಾ.”

“ಚಿಕ್ಕ ಮ್ಯಾಪು. ಸಣ್ಣ ಊರುಗಳನ್ನೆಲ್ಲ ಹಾಕಿರಲ್ಲ.”

“ಬೇರೆ ಊರುಗಳೆಲ್ಲ ಇವೆ. ಚನ್ನಪಟ್ಟಣ ಕೂಡ ಇದೆ.”

ಅವನು ಅಟ್ಲಾಸ್ ಮುಚ್ಚಿದ. ಆ ಹಡಗುಗಳನ್ನು ನಡೆಸುವವರು ತಲೆತಲಾಂತರದಿಂದ ಅದೇ ಕೆಲಸ ಮಾಡಿಕೊಂಡು ಬಂದವರು, ನಕ್ಷತ್ರ ನೋಡಿಯೇ ದಾರಿ ಹಿಡಿಯುತ್ತಾರೆ ಎಂದ. ಏಪ್ರಿಲ್‌ನಲ್ಲಿ ಕಡಲು ತಟ್ಟೆಯ ನೀರಿನ ಹಾಗಿರುತ್ತದೆ ಎಂದ. ಒಂಬತ್ತು ವರ್ಷದಿಂದ ಗಾಳಿಯ ಲೆಕ್ಕ ಇಟ್ಟವನು ನಾನು, ನನಗಿಂತ ಚೆನ್ನಾಗಿ ಯಾರು ಹೇಳುತ್ತಾರೆ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಅಲ್ಲಿ ಡಾಕ್ಟರ್ ಇದ್ದಾರೇನ್ರೀ?”

“ಇದ್ದಾರೆ,” ಎಂದುಬಿಟ್ಟ ಜಯಸಿಂಹ.

ಇರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ದ್ವೀಪದಲ್ಲಿ ಈಗಿರುವ ಅಬ್ಸರ್ವರ್, ತಿಪಟೂರಿನ ಕಡೆಯ ಜಯದೇವಪ್ಪ ಎಂಬವರು, ಬರಲಿರುವ ಹೊಸಬನಿಗೆಂದು ಒಂದು ಕಾಗದ ಬರೆದಿದ್ದರು. ಅದು ಆದೇಶದ ಜೊತೆಗೇ ಅವನ ಕೈಸೇರಿತ್ತು. ಡಾಕ್ಟರಿಲ್ಲ, ಒಬ್ಬ ಕಾಂಪೌಂಡರ್ ಇದ್ದ, ಅವನೂ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾಗದವನ್ನು ಅವನು ಆಫೀಸಿನ ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದ್ದ.

ಮಾರನೆಯ ದಿನ ಅವಳು ಪಲ್ಯಕ್ಕೆ ಹೆಚ್ಚುತ್ತಾ ಮತ್ತೆ ಕೇಳಿದಳು. “ಎಂ.ಬಿ.ಬಿ.ಎಸ್ಸೇ?” ಅವನು ಹೌದೆಂದ. ಅದರ ಮಾರನೆಯ ದಿನ, “ಹೆಂಗಸರನ್ನೂ ನೋಡ್ತಾರಾ?” ಎಂದಳು. ನೋಡದೆ ಏನು, ಪುಟ್ಟದೊಂದು ಆಸ್ಪತ್ರೆಯೇ ಇದೆ, ನರ್ಸ್ ಇದ್ದಾಳೆ ಎಂದ. ಒಂದು ಸುಳ್ಳಿಗೆ ಕಂಬವಾಗಿ ಇನ್ನೊಂದನ್ನು ನಿಲ್ಲಿಸುತ್ತಾ ಹೋದಂತೆ ಅವನ ಬಾಯಿ ಒಣಗುತ್ತಿತ್ತು. ಆದರೂ ಅವಳ ಹುಬ್ಬಿನ ಗಂಟು ಕೊಂಚ ಸಡಿಲವಾಗುವುದನ್ನು ಕಂಡರೆ ನಿಲ್ಲಿಸಲು ಮನಸ್ಸಾಗುತ್ತಿರಲಿಲ್ಲ.

ಹೊರಡಲು ಮೂರು ವಾರವಿದೆ ಎನ್ನುವಾಗ ಅವನಿಗೊಂದು ಉಪಾಯ ಹೊಳೆಯಿತು. ನೀರಿನ ಮೇಲೆ ಒಂದು ಸಲ ಕೂತೆದ್ದರೆ ಭಯ ಬಿಟ್ಟೀತು. ಭಾನುವಾರ ಬೆಳಗ್ಗೆ ಅವಳನ್ನು ಒಪ್ಪಿಸಿ, ರಾಗಿಯ ಹೊಲಗಳ ನಡುವಿನ ಗಾಡಿಜಾಡಿನಲ್ಲಿ ನಡೆಸಿಕೊಂಡು ಸಾರಕ್ಕಿ ಕೆರೆಗೆ ಕರೆದುಕೊಂಡು ಹೋದ. ಅಲ್ಲಿ ಮೀನಿಗೆ ಬಲೆ ಬಿಡಲು ಹರಿಗೋಲು ಹಾಕುತ್ತಿದ್ದ ಬೈರಣ್ಣನಿಗೆ ಹಿಂದಿನ ದಿನವೇ ಹೇಳಿ ಬಂದಿದ್ದ. ಐವತ್ತರ ಮೇಲಿನ ವಯಸ್ಸು, ಮಾತು ಜಾಸ್ತಿ, ತೋಳು ಹುರಿಗಟ್ಟಿದ ಹಗ್ಗದಂತಿತ್ತು.

“ಅಮ್ಮಾರೆ, ಎದ್ರುಕೋಬ್ಯಾಡಿ. ನಮ್ಮ ತಾತನ ಕಾಲ್ದಿಂದ್ಲೂ ಈ ಕೆರೇಲಿ ಅರಿಗೋಲು ಆಡಿಸ್ತಾ ಇದೀವಿ. ಒಂದ್ ಮೀನು ಸತ್ತಿರಬೌದು, ಮನ್ಸಾ ಯಾವನೂ ಸತ್ತಿಲ್ಲ,” ಎಂದ ಬೈರಣ್ಣ.

ಚೂಡಾಮಣಿ ನಗಲಿಲ್ಲ. ದಡದ ಕೆಸರಿನಲ್ಲಿ ಹರಿಗೋಲು ಬಾಯಿ ತೆರೆದುಕೊಂಡು ನಿಂತಿತ್ತು. ಅದನ್ನು ನೋಡಿದ್ದೇ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಬೆರಳುಗಳು ಸೆರಗನ್ನು ಹಿಂಡುತ್ತಿದ್ದವು.

“ಬೇಡಾರೀ. ಇವತ್ತು ಬೇಡ.”

“ಐದು ನಿಮಿಷ. ನಾನಿದೀನಲ್ಲ. ನನ್ನ ಕೈ ಹಿಡ್ಕೋ.”

“ಅಪ್ಪನೂ ಹೀಗೇ ಅಂದಿದ್ರು. ಐದು ನಿಮಿಷ, ಆ ಕಡೆ ಹೋಗಿ ಬಂದ್ಬಿಡ್ತೀನಿ ಅಂದ್ರು.”

ಬೈರಣ್ಣ ಹುಟ್ಟನ್ನು ಊರಿಕೊಂಡು ಬೇರೆ ಕಡೆ ನೋಡುತ್ತಾ ನಿಂತ. ಆಗಲೇ ಬಿಸಿಲು ಏರುತ್ತಿತ್ತು. ಕೊನೆಗೆ ಜಯಸಿಂಹ ಅವಳ ಕೈ ಹಿಡಿದುಕೊಂಡು, “ಚೂಡಾ, ನಿನ್ನ ಬಿಟ್ಟು ನಾನು ಹೋಗಲಾರೆ. ಹೋಗದೆ ಇರಲೂ ಆಗಲ್ಲ. ನೀನು ಇದರಲ್ಲಿ ಒಂದು ಸಲ ಕೂರದೇ ಹೋದ್ರೆ ನನಗೆ ಇನ್ನೇನು ಮಾಡಬೇಕು ಅಂತಲೇ ಗೊತ್ತಿಲ್ಲ,” ಎಂದ. ಅವಳು ಅವನ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ಹರಿಗೋಲಿನೊಳಗೆ ಕಾಲಿಟ್ಟಳು.

ದಡ ಬಿಟ್ಟ ಕೂಡಲೇ ಅದು ಗಿರ್ರನೆ ಒಂದು ಸುತ್ತು ಸುತ್ತಿತು. ಚೂಡಾಮಣಿ ಚೀರಲಿಲ್ಲ. ಅವನ ತೊಡೆಯನ್ನು ಹಿಡಿದ ಅವಳ ಉಗುರುಗಳು ಪಂಚೆಯ ಮೇಲಿನಿಂದಲೇ ನಾಟಿದವು. ಜಯಸಿಂಹ ಮಾತಾಡತೊಡಗಿದ. ಏನಾದರೂ ಒಂದು ಮಾತಾಡುತ್ತಲೇ ಇರಬೇಕು, ನಿಲ್ಲಿಸಿದರೆ ಅವಳು ಎದ್ದು ನಿಂತುಬಿಡುತ್ತಾಳೆ ಎಂದು ಅವನಿಗೆ ದಿಗಿಲು. ದ್ವೀಪದ ಮರಳು ಬೆಳ್ಳಗೆ ಅಕ್ಕಿಹಿಟ್ಟಿನ ಹಾಗಿದೆಯಂತೆ ಎಂದ. ತೆಂಗಿನಕಾಯಿಗೆ ಬರವಿಲ್ಲ ಎಂದ. ಡಾಕ್ಟರ ಮನೆ ನಮ್ಮ ಕ್ವಾರ್ಟರ್ಸಿನ ಪಕ್ಕದಲ್ಲೇ, ಅವರ ಹೆಂಡತಿ ಧಾರವಾಡದ ಕಡೆಯವರಂತೆ, ನಿನಗೆ ಕನ್ನಡ ಮಾತಾಡಲು ಜೊತೆಯಾಯಿತು ಎಂದ. ಆ ಹೆಂಡತಿ ಎಲ್ಲಿಂದ ಬಂದಳೋ ಅವನಿಗೇ ತಿಳಿಯದು. ಕೆರೆಯ ನಡುವೆ ಬಂದಾಗ ಚೂಡಾಮಣಿ ಬಾಗಿ ನೀರಿಗೆ ವಾಂತಿ ಮಾಡಿಕೊಂಡಳು. ಅವನು ಬೈರಣ್ಣನಿಗೆ ತಿರುಗಿಸು ಎಂದು ಕೈಮಾಡಿದ. ಅವಳು ಬೇಡವೆಂದಳು. ಬಾಯಿ ಒರೆಸಿಕೊಂಡು, ಕಣ್ಣು ತೆರೆದು, ಸುತ್ತಲೂ ನೋಡಿದಳು. ಆ ದಡದಲ್ಲಿ ಎಮ್ಮೆಗಳು ನೀರಿಗಿಳಿದಿದ್ದವು. ತುಂಬ ಹೊತ್ತಿನ ಮೇಲೆ ಎಡಗೈಯ ಎರಡು ಬೆರಳನ್ನು ನೀರಿಗೆ ತಾಗಿಸಿದಳು.

ವಾಪಸು ಬಂದು ಏರಿಯ ಮೇಲೆ ಹುಣಸೆಮರದ ನೆರಳಲ್ಲಿ ಕುಳಿತಾಗ ಅವಳು ಹೇಳಿದಳು, “ಬರ್ತೀನಿ.”

ಜಯಸಿಂಹನಿಗೆ ಕುಣಿಯುವಂತಾಯಿತು. ಆದರೆ ಅವಳ ಮಾತು ಮುಗಿದಿರಲಿಲ್ಲ.

“ನೀರಿಗೆ ಹೆದರ್ತೀನಿ, ಸುಳ್ಳಲ್ಲ. ಆದ್ರೆ ಇಷ್ಟು ದಿನ ನಾನು ಲೆಕ್ಕ ಹಾಕ್ತಿದ್ದದ್ದು ಬೇರೆ.” ಹುಲ್ಲಿನ ಎಸಳೊಂದನ್ನು ಕಿತ್ತು ಬೆರಳಿಗೆ ಸುತ್ತುತ್ತಾ ತಲೆ ತಗ್ಗಿಸಿದಳು. “ಮೂರು ತಿಂಗಳಾಯ್ತು. ಹೇಳಿದ್ರೆ ಇಲ್ಲೇ ಇರು ಅಂತ ಬಿಟ್ಟು ಹೋಗ್ತೀರ ಅಂತ ಹೇಳ್ಲಿಲ್ಲ. ಒಬ್ಬಳೇ ಇರೋಕೆ ನಂಗೆ ಕಡಲಿಗಿಂತ ಭಯ. ಅಲ್ಲಿ ಡಾಕ್ಟರಿದ್ದಾರೆ, ಪಕ್ಕದ ಮನೇಲೇ ಇದ್ದಾರೆ ಅಂದ ಮೇಲೆ ಇನ್ನೇನು. ಅಲ್ಲೇ ಹೆರ್ತೀನಿ.”

ಆ ಕ್ಷಣದಲ್ಲೇ ನಿಜ ಹೇಳಬಹುದಿತ್ತು. ಬೈರಣ್ಣ ಹತ್ತಿರದಲ್ಲೇ ಬಲೆ ಕೊಡವುತ್ತಿದ್ದ, ಅವಳ ಮುಖದಲ್ಲಿ ಮೂರು ವರ್ಷದಿಂದ ಕಾಣದಿದ್ದ ಕಳೆಯೊಂದು ಬಂದಿತ್ತು. ಜಯಸಿಂಹ ಅವಳ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತ.

ಆಮೇಲಿನ ಹತ್ತು ದಿನ ಅವನು ಪಟ್ಟ ಪಾಡು ಹೇಳತೀರದು. ಚೂಡಾಮಣಿ ಮಂಗಮ್ಮನವರಿಗೆ ಸುದ್ದಿ ಹೇಳಿದಳು. ಹಳೆಯ ಮೆತ್ತನೆ ಸೀರೆಗಳನ್ನು ಹರಿದು ಮಗುವಿಗೆ ಬಟ್ಟೆ ಮಾಡಿಟ್ಟುಕೊಂಡಳು. ಹಪ್ಪಳ, ಸಾರಿನ ಪುಡಿ, ಬಾಣಂತಿ ಖಾರದ ಸಾಮಾನು ಎಲ್ಲವನ್ನೂ ಡಬ್ಬಗಳಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದಳು. ಜಯಸಿಂಹ ಆಫೀಸಿಗೆ ಹೋಗಿ ಗೌರೀಶಂಕರನನ್ನು ಕಾಡಿದ. ಆರು ತಿಂಗಳು ಮುಂದಕ್ಕೆ ಹಾಕಿಸಿ, ಬೇರೆ ಯಾರನ್ನಾದರೂ ಮೊದಲು ಕಳಿಸಿ, ನಾನು ಮಳೆಗಾಲ ಮುಗಿದ ಮೇಲೆ ಹೋಗುತ್ತೇನೆ ಎಂದು ಕೈಮುಗಿದ. ಗೌರೀಶಂಕರ ಕೆಟ್ಟವನಲ್ಲ. ಪುಣೆಯ ಮೇಲಿನ ಕಚೇರಿಗೆ ತಂತಿ ಕೊಡಿಸಿದ. ಎರಡೇ ದಿನಕ್ಕೆ ಉತ್ತರ ಬಂತು. ಸಾಧ್ಯವಿಲ್ಲ, ಅಲ್ಲಿರುವವರಿಗೆ ಇಪ್ಪತ್ತಾರು ತಿಂಗಳಾಗಿದೆ, ಎರಡು ತಿಂಗಳ ಹಿಂದೆಯೇ ಬಿಡುಗಡೆಯಾಗಬೇಕಿತ್ತು.

ಆಗ ಅವನು ಬೇರೆ ದಾರಿ ಹಿಡಿದ. ಧೈರ್ಯ ಹೇಳಿದ ಬಾಯಲ್ಲೇ ಈಗ ಹೆದರಿಸತೊಡಗಿದ. ಒಂದು ಸಂಜೆ ಊಟಕ್ಕೆ ಕೂತಾಗ, “ಚೂಡಾ, ಏಪ್ರಿಲ್‌ನಲ್ಲೂ ಒಮ್ಮೊಮ್ಮೆ ಗಾಳಿ ತಿರುಗುತ್ತಂತೆ,” ಎಂದ.

“ನಕ್ಷತ್ರ ನೋಡಿ ನಡೆಸ್ತಾರಲ್ಲ,” ಎಂದಳು ಅವಳು ಸಾರು ಬಡಿಸುತ್ತಾ.

“ಮೋಡ ಕವಿದ್ರೆ ನಕ್ಷತ್ರ ಎಲ್ಲಿ ಕಾಣುತ್ತೆ?”

“ಏಪ್ರಿಲ್‌ನಲ್ಲಿ ತಟ್ಟೆ ನೀರಿನ ಹಾಗಿರುತ್ತೆ ಅಂದೋರು ನೀವೇ. ಈಗ ನಿಮಗೇ ಹೆದರಿಕೆ ಶುರುವಾಯ್ತಾ? ಗಾಳಿ ಲೆಕ್ಕ ಇಟ್ಟೋರು ಹೀಗಂದ್ರೆ ಹೇಗ್ರೀ?” ಎಂದು ನಕ್ಕಳು. ಅವಳು ನಕ್ಕದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

ಹೊರಡಲು ನಾಲ್ಕು ದಿನವಿರುವಾಗ ಮಂಗಮ್ಮನವರು ಅವನನ್ನು ಹಿತ್ತಲಲ್ಲಿ ತಡೆದು ನಿಲ್ಲಿಸಿದರು. “ನೋಡಪ್ಪಾ, ಅಲ್ಲಿ ಡಾಕ್ಟರಿದ್ದಾರೆ, ನರ್ಸಿದ್ದಾಳೆ ಅಂತ ಆ ಹುಡುಗಿ ಕುಣೀತಾ ಇದಾಳೆ. ಹೋದ ಸಲ ಇಷ್ಟು ದೊಡ್ಡ ಆಸ್ಪತ್ರೇಲೇ ಹಾಗಾಯ್ತು. ಡಾಕ್ಟರ ಹೆಸರೇನು ಹೇಳು, ನನ್ನ ತಮ್ಮನ ಮಗ ಮಂಗಳೂರಲ್ಲಿ ಮೆಡಿಕಲ್ ಓದ್ತಾ ಇದಾನೆ, ವಿಚಾರಿಸೋಣ.”

ಜಯಸಿಂಹ ಬಾಯಿ ತೆರೆದ. ಒಂದು ಹೆಸರು ನಾಲಿಗೆಯ ತುದಿಗೆ ಬಂದೂ ಬಂತು. ಅದನ್ನು ನುಂಗಿಕೊಂಡು, ಉತ್ತರ ಕೊಡದೆ, ಸರಸರನೆ ಗೇಟು ದಾಟಿ ಹೋದ. ಆ ದಿನ ಆಫೀಸಿನಲ್ಲಿ ಡ್ರಾಯರಿನ ಬೀಗ ತೆಗೆದು ಜಯದೇವಪ್ಪನವರ ಕಾಗದವನ್ನು ಜೇಬಿನಲ್ಲಿ ಹಾಕಿಕೊಂಡ. ಮಧ್ಯಾಹ್ನಕ್ಕೇ ರಜೆ ಹಾಕಿ ಮನೆಗೆ ಬಂದ.

ಚೂಡಾಮಣಿ ನೆಲದ ಮೇಲೆ ಕುಳಿತು ಟ್ರಂಕಿನಲ್ಲಿ ಬಟ್ಟೆ ಜೋಡಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಂಡನನ್ನು ಕಂಡು ತಲೆಯೆತ್ತಿದಳು. ಅವನು ಬಾಗಿಲಲ್ಲೇ ನಿಂತು, “ಡಾಕ್ಟರ್ ಇಲ್ಲ,” ಎಂದ.

“ಯಾಕೆ, ವರ್ಗ ಆಯ್ತಾ?”

“ಇರಲೇ ಇಲ್ಲ. ಆಸ್ಪತ್ರೆ ಇಲ್ಲ. ನರ್ಸ್ ಇಲ್ಲ. ನಾನು ಎಲ್ಲ ಕಟ್ಟಿ ಹೇಳ್ದೆ. ಅಲ್ಲಿರೋ ಅಬ್ಸರ್ವರ್ ಬರೆದ ಕಾಗದ ನನ್ನ ಹತ್ರ ಇದೆ.”

ಅವಳು ಕೈಯಲ್ಲಿದ್ದ ಮಗುವಿನ ಬಟ್ಟೆಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಅವನು ಗೋಡೆಗೊರಗಿ ಕುಳಿತ. ಬೈದರೆ ಎಷ್ಟೋ ಹಗುರಾಗುತ್ತಿತ್ತು.

“ಧಾರವಾಡದೋಳು?” ಎಂದಳು ಕೊನೆಗೆ.

ಅವನು ಅವಳೂ ಇಲ್ಲವೆಂದು ತಲೆಯಾಡಿಸಿದ.

“ಅವಳಿಗೆ ಕೊಡೋಣ ಅಂತ ಎರಡು ಡಬ್ಬ ಹಪ್ಪಳ ಜಾಸ್ತಿ ಮಾಡ್ದೆ,” ಎಂದಳು. ಆಗ ಅವಳಿಗೆ ಅಳು ಬಂತು. ಸದ್ದಿಲ್ಲದೆ, ಭುಜಗಳೆರಡೂ ಅಲುಗುವಂತೆ ಅತ್ತಳು. ಅವನು ಹತ್ತಿರ ಸರಿಯಲು ಹೋದರೆ ಕೈಯಡ್ಡ ಹಿಡಿದು ತಡೆದಳು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು, “ಆ ಕಾಗದ ಓದಿ,” ಎಂದಳು. “ಪೂರ್ತಿ ಓದಿ. ಒಂದಕ್ಷರ ಬಿಡಬೇಡಿ.”

ಅವನು ಓದಿದ. ಜಯದೇವಪ್ಪ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹೋದ ಜುಲೈನಲ್ಲಿ ಅಕ್ಕಿ ಮುಗಿದು ಹದಿನೇಳು ದಿನ ಮೀನು ತೆಂಗಿನಕಾಯಲ್ಲೇ ಕಳೆದದ್ದು, ಹುಟ್ಟಿದಂದಿನಿಂದ ಮೀನು ಮುಟ್ಟದ ತಾನು ಕಣ್ಣು ಮುಚ್ಚಿ ತಿಂದದ್ದು, ಜ್ವರ ಬಂದಾಗ ಪಕ್ಕದ ಮನೆಯ ಬ್ಯಾರಿ ಮುದುಕಿಯೊಬ್ಬಳು ತಾಯಿಯ ಹಾಗೆ ಗಂಜಿ ಕುಡಿಸಿದ್ದು ಎಲ್ಲ ಇತ್ತು. ಜನ ಒಳ್ಳೆಯವರು, ಕಡಲು ಒಳ್ಳೆಯದಲ್ಲ ಎಂದಿತ್ತು. ಸಂಸಾರ ತರುವುದಿದ್ದರೆ ಯೋಚಿಸಿ ತನ್ನಿ ಎಂದಿತ್ತು. ಕಡೆಯ ಸಾಲುಗಳಲ್ಲಿ ಅಕ್ಷರ ವಾರೆಯಾಗಿತ್ತು. ‘ನಾನು ಬಂದಾಗ ನನ್ನ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಸ್ಲೇಟು ಹಿಡಿದಿದ್ದಾಳಂತೆ. ಕಡಲು ಮುಚ್ಚುವ ಮುನ್ನ ತಾವು ಬಾರದಿದ್ದರೆ ಇನ್ನೊಂದು ಮಳೆಗಾಲ ಇಲ್ಲಿ ಕಳೆಯುವ ಶಕ್ತಿ ನನಗಿಲ್ಲ. ತಮ್ಮ ಕಾಲಿಗೆ ಬೀಳುತ್ತೇನೆ, ಬನ್ನಿ.’

ಓದಿ ಮುಗಿದ ಮೇಲೆ ಹೊರಗೆ ಮಂಗಮ್ಮನವರ ಹಸು ಒಮ್ಮೆ ಕೂಗಿತು.

“ನೀವು ಹೋಗಿ,” ಎಂದಳು ಚೂಡಾಮಣಿ.

“ಹೋಗಲ್ಲ. ರಾಜೀನಾಮೆ ಬರೆದುಕೊಡ್ತೀನಿ.”

“ಆ ಮನುಷ್ಯ ಕಾಲಿಗೆ ಬಿದ್ದಿದಾರೆ. ನೀವು ರಾಜೀನಾಮೆ ಕೊಟ್ರೆ ಅವರು ಅಲ್ಲೇ ಇರಬೇಕಾಗುತ್ತೆ. ಇನ್ನೊಬ್ಬರನ್ನ ಹುಡುಕಿ ಕಳಿಸೋ ಹೊತ್ತಿಗೆ ಮಳೆಗಾಲ ಬಂದಿರುತ್ತೆ.” ಅವಳ ದನಿ ಗಟ್ಟಿಯಾಗಿರಲಿಲ್ಲ, ಆದರೆ ನಡುಗುತ್ತಲೂ ಇರಲಿಲ್ಲ. “ನಾನು ಇಲ್ಲೇ ಹೆರ್ತೀನಿ.”

“ನಿನ್ನ ಒಬ್ಬಳನ್ನೇ ಬಿಟ್ಟು ಹೇಗೆ ಹೋಗಲಿ? ನಾನು...” ಎಂದವನ ಕಣ್ಣು ತಾನಾಗಿಯೇ ಹಿತ್ತಲ ಬಾಗಿಲ ಕಡೆ ಹೋಯಿತು. ಅವಳೂ ಅತ್ತ ನೋಡಿದಳು. ಮೂರು ವರ್ಷದಿಂದ ಇಬ್ಬರೂ ಸುತ್ತುಹಾಕಿಕೊಂಡು ಓಡಾಡುತ್ತಿದ್ದ ಮಾತಿಗೆ ಈಗ ಎದುರುಬದುರಾಗಿ ನಿಂತಿದ್ದರು.

“ಬಾವಿಗೆ ಹೆದರ್ತೀರಿ,” ಎಂದಳು.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ದಿನಾ ನೀವು ಹಿತ್ತಲಿಂದ ಬಂದು ಮುಚ್ಚಳ ನೋಡೋದು ನಂಗೆ ಅಡುಗೆಮನೆ ಕಿಟಕೀಲಿ ಕಾಣುತ್ತೆ. ಅವತ್ತು ನಾನು ಬೀಳೋಕೆ ಹೋಗಿರ್ಲಿಲ್ಲ ಅಂತ ಹೇಳಲ್ಲ. ಅದಕ್ಕೇ ಹೋಗಿದ್ದೆ. ಕೂತ ಮೇಲೆ ಅಪ್ಪ ಜ್ಞಾಪಕಕ್ಕೆ ಬಂದ್ರು. ನೀರೊಳಗೆ ಎಷ್ಟು ಒದ್ದಾಡಿದ್ರೋ ಅಂತ ಅನ್ನಿಸ್ತು. ಹಾಗೇ ಕೂತುಬಿಟ್ಟೆ. ಮಂಗಮ್ಮನೋರು ಬರದಿದ್ರೆ ಇಳೀತಿದ್ನೋ, ಬೀಳ್ತಿದ್ನೋ, ನಂಗೇ ಗೊತ್ತಿಲ್ಲ.”

“ಇನ್ಮೇಲೆ ಹಾಗೆ ಮಾಡಲ್ಲ ಅಂತ ಹೇಳು. ಒಂದು ಮಾತು ಹೇಳು ಚೂಡಾ, ನಾನು ಹೋಗ್ತೀನಿ.”

ಅವಳು ಅವನನ್ನು ದಿಟ್ಟಿಸಿದಳು. “ಹೇಳಬಹುದು. ನೀವು ಡಾಕ್ಟರಿದ್ದಾರೆ ಅಂದ ಹಾಗೆ ನಾನೂ ಹೇಳಬಹುದು. ಹೇಳಿದ್ರೆ ನಂಬ್ತೀರಾ?”

ಅವನು ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡ.

“ಹೋದ ಸಲ ಇಲ್ಲಿ ಎಲ್ಲಾ ಇತ್ತು. ದೊಡ್ಡ ಡಾಕ್ಟರು, ನರ್ಸು, ನೀವು, ಎಲ್ಲ ಇದ್ರಿ. ಆದರೂ ಆಗೋದು ಆಯ್ತು. ಈ ಸಲ ಏನಾಗುತ್ತೋ ನಾನು ಹೇಗೆ ಹೇಳ್ಲಿ? ಇಷ್ಟು ಮಾತ್ರ ಹೇಳಬಲ್ಲೆ. ಮನಸ್ಸು ಹಾಗೆ ಆಗೋಕೆ ಶುರುವಾದ್ರೆ ಒಬ್ಬಳೇ ಇರಲ್ಲ. ಎದ್ದು ಹೋಗಿ ಮಂಗಮ್ಮನೋರ ಮನೇಲಿ ಕೂತ್ಕೋತೀನಿ. ಅವರಿಗೆ ಇವತ್ತೇ ಹೇಳಿಡ್ತೀನಿ, ನಾನು ಬಂದು ಕೂತರೆ ಯಾಕೆ ಅಂತ ಕೇಳಬೇಡಿ, ಎಬ್ಬಿಸಬೇಡಿ ಅಂತ.”

ಆ ಸಂಜೆಯೇ ಅವಳು ಹೋಗಿ ಹೇಳಿ ಬಂದಳು. ಮಂಗಮ್ಮನವರು ಮಾರನೆಯ ದಿನ ತಮ್ಮ ನಡುಮನೆಯಲ್ಲಿ ಅವಳಿಗೆಂದು ಒಂದು ಚಾಪೆ, ದಿಂಬು ಹಾಕಿಸಿದರು. ಜಯಸಿಂಹ ಹೊರಡುವವರೆಗೂ ಅವನ ಜೊತೆ ಮಾತ್ರ ಅವರು ಮಾತಾಡಲಿಲ್ಲ. ಟ್ರಂಕಿನಿಂದ ಚೂಡಾಮಣಿ ತನ್ನ ಬಟ್ಟೆಗಳನ್ನು ತೆಗೆದು ಅವನವನ್ನು ಇಟ್ಟಳು. ಹಪ್ಪಳದ ಡಬ್ಬಗಳನ್ನು ಮಾತ್ರ ಹಾಗೇ ಬಿಟ್ಟಳು. ಒಂದನ್ನು ಆ ಗಂಜಿ ಕುಡಿಸಿದ ಅಜ್ಜಿಗೆ ಕೊಡಿ ಎಂದಳು.

ಮಂಗಳೂರಿನ ಬಸ್ಸು ಬೆಳಗ್ಗೆ ಆರಕ್ಕೆ. ಅವಳು ಬಸ್ ಸ್ಟ್ಯಾಂಡಿಗೆ ಬಂದಿದ್ದಳು. ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ. ಹೆದರಬೇಡ ಎನ್ನಬೇಕೆಂದು ಅವನ ಬಾಯಿಗೆ ಬಂತು. ಅನ್ನಲಿಲ್ಲ. ಅವಳೂ ಹುಷಾರು ಎನ್ನಲಿಲ್ಲ. ಬಸ್ಸು ಹೊರಟಾಗ ಕಿಟಕಿಯ ಸರಳಿನ ಮೇಲಿದ್ದ ಅವನ ಬೆರಳುಗಳನ್ನು ಒಮ್ಮೆ ಬಿಗಿಯಾಗಿ ಒತ್ತಿ ಬಿಟ್ಟಳು.

ಹಾಯಿಹಡಗು ಆರನೆಯ ದಿನ ದ್ವೀಪ ಮುಟ್ಟಿತು. ಜಯದೇವಪ್ಪ ಸೊಂಟಮಟ್ಟ ನೀರಿಗೆ ಓಡಿಬಂದು ಜಯಸಿಂಹನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತರು. ಅದೇ ಹಡಗು ತಿರುಗಿ ಹೊರಟಾಗ ಅದರಲ್ಲಿ ಹೋದರು. ಮೇ ತಿಂಗಳಲ್ಲಿ ಅವಳಿಂದ ಒಂದು ಕಾಗದ ಬಂತು, ಆಮೇಲೆ ಕಡಲು ಮುಚ್ಚಿತು.

ಸೆಪ್ಟೆಂಬರ್ ಇಪ್ಪತ್ತಮೂರಕ್ಕೆ ದ್ವೀಪದಿಂದ ಹವಾಮಾನದ ವರದಿ ಕಳಿಸುವ ವೈರ್‌ಲೆಸ್ಸಿನಲ್ಲಿ ಅವನಿಗೊಂದು ಸಂದೇಶ ಬಂತು. ಗೌರೀಶಂಕರ ಕಳಿಸಿದ್ದ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದಿತ್ತು. ವೈರ್‌ಲೆಸ್ ಆಪರೇಟರ್ ಬೆನ್ನು ತಟ್ಟಿದ. ದ್ವೀಪದ ಜನ ಬೆಲ್ಲ ಹಂಚಿದರು. ಜಯಸಿಂಹನಿಗೆ ಮಾತ್ರ ಅದನ್ನು ನಂಬಲಾಗಲಿಲ್ಲ. ನೂರಾರು ಮೈಲಿಯಾಚೆ ಕಡಲ ನಡುವೆ ಇರುವವನಿಗೆ ಇನ್ನೇನು ತಿಳಿಸುತ್ತಾರೆ? ಅವನು ಬರಲಾರ, ಏನೂ ಮಾಡಲಾರ, ತಿಳಿದು ತಾನೆ ಏನು ಎಂದು ಗೌರೀಶಂಕರ ಯೋಚಿಸಿರಬಹುದು. ತಾನೇ ಆ ಜಾಗದಲ್ಲಿದ್ದರೆ ಹಾಗೇ ಬರೆಯುತ್ತಿದ್ದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಬೆಳಗ್ಗೆ ಸಂಜೆ ಗಾಳಿಯ ಲೆಕ್ಕ ಬರೆದು, ಉಳಿದ ಹೊತ್ತೆಲ್ಲ ಪೂರ್ವದ ದಡದಲ್ಲಿ ಕಡಲು ನೋಡುತ್ತಾ ಕೂರುತ್ತಿದ್ದ.

ಅಕ್ಟೋಬರ್ ಹದಿಮೂರಕ್ಕೆ ಮೊದಲ ಹಡಗು ಬಂತು. ಟಪಾಲು ಚೀಲದಲ್ಲಿ ಅವನಿಗೆ ಹತ್ತು ಕಾಗದ. ಎಲ್ಲದರ ಮೇಲೂ ಅವಳದೇ ಅಕ್ಷರ. ಕೊನೆಯದನ್ನು ಮೊದಲು ಒಡೆದ. ಅವಸರದಲ್ಲಿ ಹಾಳೆಯ ಮೂಲೆ ಹರಿಯಿತು.

‘ಹೆರಿಗೆಗೆ ಒಂದೂವರೆ ದಿನ ಹಿಡಿಯಿತು. ಆಮೇಲೆ ನನಗೆ ಐದು ದಿನ ಜ್ವರ, ಬದುಕುವುದಿಲ್ಲವೆಂದುಕೊಂಡೆ. ಮಗು ಬಹಳ ಸಣ್ಣದು, ಐದು ಪೌಂಡೂ ಇಲ್ಲ, ರಾತ್ರಿಯೆಲ್ಲ ಅಳುತ್ತದೆ. ಹಾಲು ಸಾಲದು. ಮಂಗಮ್ಮನವರ ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸುತ್ತಿದ್ದೇವೆ. ಆಗಸ್ಟಿನಲ್ಲಿ ಎರಡು ಸಲ ನನ್ನ ಮನಸ್ಸು ತುಂಬ ಕೆಟ್ಟಿತು. ಎರಡು ಸಲವೂ ಹೋಗಿ ಆ ಚಾಪೆಯ ಮೇಲೆ ಕೂತೆ. ಎರಡನೆಯ ಸಲ ಮೂರು ದಿನ ಅಲ್ಲಿಂದ ಏಳಲಿಲ್ಲ. ಅವರು ಏನೂ ಕೇಳಲಿಲ್ಲ. ನಿಮ್ಮ ಮೇಲೆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಮಗುವಿನ ಕಿವಿ ನಿಮ್ಮದೇ.’

ಜಯಸಿಂಹ ಮರಳಿನ ಮೇಲೆ ಕುಳಿತ. ಜ್ವರ, ಸಾಲದ ಹಾಲು, ಮೂರು ದಿನ, ಸಿಟ್ಟು ಎಂದು ಮತ್ತೆ ಮತ್ತೆ ಓದಿದ. ಓದಿದಷ್ಟೂ ಅವನ ಉಸಿರು ಸರಾಗವಾಯಿತು. ಇಬ್ಬರೂ ಬದುಕಿದ್ದಾರೆ ಎಂದು ಆಗ ಅವನಿಗೆ ನಂಬಿಕೆ ಬಂತು. ಹತ್ತಿರದಲ್ಲಿ ಅಕ್ಕಿಯ ಮೂಟೆ ಇಳಿಸುತ್ತಿದ್ದವರು, ಕಾಗದ ಎದೆಗೊತ್ತಿಕೊಂಡು ದೊಡ್ಡ ದನಿಯಲ್ಲಿ ಅಳುತ್ತಿದ್ದ ಅವನನ್ನು ಕಂಡು, ಕೆಟ್ಟ ಸುದ್ದಿಯೆಂದು ತಿಳಿದು ಓಡಿಬಂದರು.

ಹಡಗು ತಿರುಗಿ ಹೊರಡುವುದು ನಾಲ್ಕು ದಿನ ಬಿಟ್ಟು. ಆ ಸಂಜೆ ಐದೂವರೆಯ ಕೆಲಸ ಮುಗಿಸಿ ಅವನು ಬರೆಯಲು ಕುಳಿತ. ‘ಇಲ್ಲಿ ನಾನು ಕ್ಷೇಮ’ ಎಂದು ಅಭ್ಯಾಸದಿಂದ ಮೊದಲ ಸಾಲು ಬಿತ್ತು. ಅದನ್ನು ಹೊಡೆದುಹಾಕಿ, ಜೂನ್ ತಿಂಗಳ ಮೊದಲ ಬಿರುಗಾಳಿಯ ದಿನದಿಂದ ಶುರುಮಾಡಿದ. ತಾನು ಎಷ್ಟು ಹೆದರಿದ್ದೆನೆಂಬುದನ್ನೂ ಸೇರಿಸಿ ಬರೆದ.